ತಲೆಯ ಮೇಲಿನ ಸಮಗ್ರ ಸಂಪುಟಗಳು

ಮಾದನಹಿಪ್ಪರಗಾದಿಂದ ಹುಣಸಲಗಾಕ್ಕೆ ಬರುವ ದಾರಿಯಲ್ಲಿ, ಇನ್ನೂ ಹಳ್ಳ ದಾಟುವ ಮೊದಲೇ, ಹಸನಸಾಬನ ಬಂಡಿ ಹೂತು ಕೂತಿತು. ಮಧ್ಯಾಹ್ನ ಬಿದ್ದ ಮಳೆಗೆ ಎರೆಮಣ್ಣು ಕಲಸಿದ ಹಿಟ್ಟಾಗಿತ್ತು. ಗಾಲಿ ಅರ್ಧ ಮುಳುಗಿತು. ಹಸನಸಾಬ ಎತ್ತುಗಳನ್ನು ಬೈದ, ಆಮೇಲೆ ಮುದ್ದು ಮಾಡಿದ, ಆಮೇಲೆ ಮಳೆಯನ್ನು ಬೈದ. ಏನೂ ಉಪಯೋಗವಾಗಲಿಲ್ಲ. ಬಂಡಿಯಲ್ಲಿ ಮೂರು ಕಟ್ಟಿಗೆ ಪೆಟ್ಟಿಗೆ. ಲೋಕದ ದೊಡ್ಡ ದೊಡ್ಡ ತತ್ವಜ್ಞಾನಿಗಳು, ಚಿಂತಕರು ಜೀವಮಾನವಿಡೀ ಬರೆದದ್ದೆಲ್ಲ ಕನ್ನಡಕ್ಕೆ ಬಂದು, ಸಮಗ್ರ ಸಂಪುಟಗಳಾಗಿ, ಆ ಪೆಟ್ಟಿಗೆಗಳಲ್ಲಿ ಒತ್ತೊತ್ತಿಗೆ ಕೂತಿದ್ದವು.

ಬಂಡಿಯ ಹಿಂದೆ ಛತ್ರಿ ಹಿಡಿದು ಬರುತ್ತಿದ್ದವನು ಗುರಣ್ಣ. ಶಾಂತಲಿಂಗಪ್ಪ ಸಾಹುಕಾರನ ಕಾರಭಾರಿ. ಈ ಶಾಂತಲಿಂಗಪ್ಪನೇ ಮಂಡಲ ಪಂಚಾಯತಿಯ ಪ್ರಧಾನ, ಊರ ಮಠದ ಪಂಚ, ಅರ್ಧ ಊರಿನ ಹೊಲದ ಒಡೆಯ. ಊರೆಲ್ಲ ಅವನ ಹೆಸರಿಗೆ 'ರು' ಹಚ್ಚಿ ಮಾತಾಡುತ್ತದೆ. ನಾನು ಹಚ್ಚುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ಗುರಣ್ಣ ಗಟ್ಟಿಮುಟ್ಟಾದ ಆಳು. ಹಾಲು ಕುಡಿದು ಬೆಳೆದ ಭುಜ. ಆದರೆ ತಲೆಯ ಮೇಲೆ ಹೊರೆ ಹೊತ್ತರೆ ಅವನ ಇಜ್ಜತ್ತು ಹೋಗುತ್ತದೆ. ಅವನು ಸುತ್ತ ಕಣ್ಣಾಡಿಸಿದ. ಸಾಹುಕಾರನ ಹೊಲದಲ್ಲಿ ಕಸ ತೆಗೆಯುತ್ತಿದ್ದ ಮೂವರು ಹೆಂಗಸರು, ಮಳೆ ಬಂದು ಕೆಲಸ ನಿಂತದ್ದಕ್ಕೆ, ಕಳೆ ಕೀಳುವ ಕುರ್ಪಿ ಸೊಂಟಕ್ಕೆ ಸಿಗಿಸಿಕೊಂಡು ಬದುವಿನ ಮೇಲೆ ಊರ ಕಡೆ ನಡೆದಿದ್ದರು.

"ಏ ಬಾಳೀ! ಏ ಗಂಗೀ! ಬರ್ರಿ ಇಲ್ಲಿ ಜಲ್ದಿ. ಈ ಪೆಟ್ಟಿಗಿ ಅಗಸಿ ತನಕ ಹೊರ್ರಿ."

ಬಾಳಮ್ಮ, ಗಂಗಾಬಾಯಿ, ಹಣಮವ್ವ ಎಂಬ ಪೂರಾ ಹೆಸರು ಈ ಮೂವರಿಗೂ ಇತ್ತು. ಆದರೆ ಹೊಲಗೇರಿಯ ಹೆಂಗಸರ ಹೆಸರನ್ನು ಇಡಿಯಾಗಿ ಕರೆದರೆ ಹುಣಸಲಗಾದ ದೊಡ್ಡ ಮಂದಿಯ ನಾಲಿಗೆ ನೋಯುತ್ತಿತ್ತು.

"ಕೂಲಿ ಏನು?" ಎಂದಳು ಗಂಗಾಬಾಯಿ. ಮೂವರಲ್ಲಿ ಅವಳೇ ಹಿರಿಯಳು. ಬಾಯಿ ಜೋರು.

"ಸರಸ್ವತಿ ಹೊರಾಕ ಕೂಲಿ ಕೇಳ್ತಿಯೇನ ಬೇ? ಪುಣ್ಯ ಬರ್ತದ."

"ಪುಣ್ಯ ನೀನಾ ಹೊರಪಾ ಗುರಣ್ಣ. ನಮ್ಮನ್ಯಾಗ ಅದನ್ನ ಇಡಾಕ ಜಾಗಿಲ್ಲ."

ಹಣಮವ್ವ ಕಿಸಕ್ಕನೆ ನಕ್ಕಳು. ಆದರೆ ಬಾಳಮ್ಮ ನಗಲಿಲ್ಲ. ಅವಳು ಬಂಡಿಯ ಹತ್ತಿರ ಹೋಗಿ ಪೆಟ್ಟಿಗೆಯ ಮೇಲೆ ಬರೆದದ್ದನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದಳು. "ಸ... ಮ... ಗ್ರ. ಸಮಗ್ರ!" ಅಂದಳು. ಮುಖ ಅರಳಿತು. "ಗಂಗವ್ವಾ, ಇವು ನಮ್ಮ ಪುಸ್ತಕ ಬೇ! ಮಾಸ್ತರ್ರು ಹೇಳಿದ್ದ ಪುಸ್ತಕ! ನಡೀ, ಕೂಲಿ ಬ್ಯಾಡ, ಹೊರೂಣು."

ನಮ್ಮ ಪುಸ್ತಕ ಎಂದು ಅವಳು ಅಂದದ್ದು ಸುಮ್ಮನೆ ಅಲ್ಲ. ಅದು ಸಾಕ್ಷರತಾ ಆಂದೋಲನದ ಕಾಲ. ಮಾದನಹಿಪ್ಪರಗಾದ ಸಲಾವುದ್ದೀನ ಮಾಸ್ತರ ಸಂಜೆ ಸಂಜೆ ಸೈಕಲ್ ಹೊಡೆದುಕೊಂಡು ಬಂದು, ಕೇರಿಯ ಲಕ್ಷ್ಮಿ ಗುಡಿಯ ಕಟ್ಟೆಯ ಮೇಲೆ ಪಾಠ ಹೇಳುತ್ತಿದ್ದ. ದಿನವಿಡೀ ಬಗ್ಗಿ ಕಸ ತೆಗೆದ ಹೆಂಗಸರು ನಡು ಹಿಡಿದುಕೊಂಡು ಬಂದು ಕೂರುತ್ತಿದ್ದರು. ಕುರ್ಪಿ ಹಿಡಿದು ಜಡ್ಡುಗಟ್ಟಿದ ಬೆರಳಿಗೆ ಬಳಪ ನಿಲ್ಲುತ್ತಿರಲಿಲ್ಲ. ಜಾರಿ ಬೀಳುತ್ತಿತ್ತು. ಎತ್ತಿಕೊಂಡು ಮತ್ತೆ ಬರೆಯುತ್ತಿದ್ದರು. ಊರ ದೊಡ್ಡ ಮನೆಗಳ ಹೆಂಗಸರಿಗೂ ಕಲಿಯುವ ಆಸೆಯಿತ್ತು, ಆದರೆ ಕೇರಿಯವರ ಜೊತೆ ಒಂದೇ ಚಾಪೆಯ ಮೇಲೆ ಕೂರಲು ಗಂಡಸರು ಬಿಡಲಿಲ್ಲ. ಪರೀಕ್ಷೆಯ ದಿನ ಆ ಹೆಂಗಸರ ಪೇಪರನ್ನೆಲ್ಲ ಸಾಹುಕಾರನ ಪಡಸಾಲೆಯಲ್ಲಿ ಕೂತು ಗುರಣ್ಣನೇ ಬರೆದ. ಮೇಲಿಂದ ಬಂದವರಿಗೆ ಅದರ ವಾಸನೆ ಹತ್ತಿತು, ಪೇಪರು ಬದಿಗಿಟ್ಟರು. ಕೇರಿಯ ಹೆಂಗಸರು ಎಲ್ಲರ ಎದುರು ಕೂತು ಬರೆದು ಪಾಸಾದರು. ಅವರ ಲೆಕ್ಕದ ಮೇಲೆ ಹುಣಸಲಗಾಕ್ಕೆ ಬಹುಮಾನ ಬಂತು. ಊರಿಗೊಂದು ವಾಚನಾಲಯ, ಅದಕ್ಕೆ ಲೋಕದ ಚಿಂತಕರ ಸಮಗ್ರ ಕೃತಿಗಳು.

"ಸಮಗ್ರ ಅಂದ್ರ ಏನ್ರಿ ಮಾಸ್ತರ?" ಎಂದು ಬಾಳಮ್ಮ ಆಗ ಕೇಳಿದ್ದಳು.

"ಅಂದ್ರ ಇಡೀದು. ಬರದವ ಏನೇನ ಬರದಾನ, ಒಂದ ಅಕ್ಷರ ಬಿಡದಂಗ ಎಲ್ಲಾ."

ಆ ಮಾತು ಬಾಳಮ್ಮನ ಎದೆಯಲ್ಲಿ ಹೊಕ್ಕು ಕೂತಿತು. ಯಾಕೆಂದರೆ ಅವಳ ಬದುಕಿನಲ್ಲಿ ಇಡಿಯಾದದ್ದು ಯಾವುದೂ ಬಂದಿರಲಿಲ್ಲ. ಸೀರೆ ಬಂದರೆ ಸಾಹುಕಾರನ ಮನೆಯ ಹರಿದ ಸೀರೆ. ಹಬ್ಬಕ್ಕೆ ಬಂದರೆ ಅವರುಂಡು ಉಳಿದ ಹೋಳಿಗೆ, ಅದೂ ಮುರಿದದ್ದು. ಓದು ಕಲಿತ ಮೇಲೆ ಆಸೆ ಹೆಚ್ಚಾಗಿ ಬೆಲ್ಲ ಕಟ್ಟಿ ತಂದ ಕಾಗದ, ಬಜಿ ಸುತ್ತಿದ ಕಾಗದ ಎಲ್ಲ ಓದತೊಡಗಿದಳು. ಅಲ್ಲೂ ಅದೇ ಹಾಡು. ಒಬ್ಬ ಹುಡುಗಿ ಮನೆ ಬಿಟ್ಟು ಹೊರಟಳು ಎನ್ನುವಷ್ಟರಲ್ಲಿ ಕಾಗದ ಹರಿದಿರುತ್ತಿತ್ತು. ಎಲ್ಲಿಗೆ ಹೋದಳು? ಊರು ಮುಟ್ಟಿದಳೋ ಇಲ್ಲವೋ? ಬಾಳಮ್ಮನಿಗೆ ಸಿಟ್ಟು ಬಂದು ಅಂಗಡಿಗೇ ಹೋಗಿ, "ಇದರ ಉಳದದ್ದು ಕೊಡ್ರಿ" ಎಂದು ಕೇಳಿದ್ದಳು. ಅಂಗಡಿಯವನು ಇನ್ನೂ ಬೆಲ್ಲ ಬೇಕೇನೋ ಎಂದುಕೊಂಡ.

ಇನ್ನು ಸರಕಾರದ ಪಾಠದ ಪುಸ್ತಕ. ಕೈ ತೊಳೆಯಿರಿ, ನೀರು ಕುದಿಸಿ ಕುಡಿಯಿರಿ, ಮಕ್ಕಳನ್ನು ಶಾಲೆಗೆ ಕಳಿಸಿರಿ. "ಏನ್ರಿ ಇದು, ನಮ್ಮ ಅತ್ತಿ ಹೇಳಿದಂಗ ಹೇಳ್ತದ" ಎಂದು ಬಾಳಮ್ಮ ಅದನ್ನು ಮುಚ್ಚಿಟ್ಟಿದ್ದಳು. ಅವಳಿಗೆ ಬೇಕಾದದ್ದು ಇಡೀ ಪುಸ್ತಕ. ಮೊದಲ ಪುಟ ಇದ್ದದ್ದು, ಕೊನೆಯ ಪುಟವೂ ಇದ್ದದ್ದು. ಅದು ಇವತ್ತು ಕೆಸರಿನಲ್ಲಿ ಹೂತ ಬಂಡಿಯ ಮೇಲೆ ಕೂತಿತ್ತು.

ಮೂವರೂ ಸೆರಗು ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟುಕೊಂಡರು. ಹಸನಸಾಬ ಬಂಡಿಯ ಮೇಲೆ ನಿಂತು ಒಂದೊಂದೇ ಪೆಟ್ಟಿಗೆ ಎತ್ತಿ ತಲೆಗೆ ಹೊರಿಸಿದ. "ಹುಷಾರ್ ತಂಗೀ. ನನ್ನ ಎತ್ತಿಗಿ ಆಗದ್ದು ನಿಮ್ಮ ತಲಿಗಿ ಹಚ್ಚಾಕತ್ತೇನಿ, ನನಗಾ ನಾಚಿಕಿ ಬರ್ತದ" ಎಂದ. ಅವನು ಬಂಡಿಯ ಹತ್ತಿರವೇ ಉಳಿದ. ಎತ್ತುಗಳನ್ನು ಬಿಟ್ಟು ಬರುವ ಹಾಗಿರಲಿಲ್ಲ.

ಹೊರೆಯ ಸುಖ ಹೊತ್ತವರಿಗೇ ಗೊತ್ತು. ಪೆಟ್ಟಿಗೆ ಕೂತ ಕೂಡಲೇ ಕುತ್ತಿಗೆ ಎದೆಯೊಳಗೆ ಇಳಿದಂತಾಯಿತು. ಕಾಲು ಕೆಸರಿಗೆ ಇಟ್ಟರೆ ಮೊಣಕಾಲ ತನಕ ಹೋಗುತ್ತಿತ್ತು, ಕಿತ್ತರೆ ಕಾಲ ಜೊತೆ ಸೇರು ಮಣ್ಣು ಬರುತ್ತಿತ್ತು. ಹಳ್ಳದಲ್ಲಿ ನೀರು ತೊಡೆಗೆ ಬಂತು. ಗುರಣ್ಣ ಧೋತರ ಎತ್ತಿ ಹಿಡಿದು ಮುಂದೆ ಮುಂದೆ ನಡೆದ. ಕೆಳಗಿನಿಂದ ನೀರು ಎಳೆಯುತ್ತಿತ್ತು, ಮೇಲಿನಿಂದ ಪೆಟ್ಟಿಗೆ ಒತ್ತುತ್ತಿತ್ತು. ಆದರೂ ಆ ಮೂವರ ಬಾಯಿ ಸುಮ್ಮನಿರಬೇಕಲ್ಲ!

"ಬಾಳವ್ವಾ, ನನ್ನ ತಲಿ ಮ್ಯಾಲ ಯಾವ ಜ್ಞಾನಿ ಕುಂತಾನ ಬೇ?" ಎಂದಳು ಹಣಮವ್ವ.

"ಯಾರರ ಇರವಲ್ಲನ್ಯಾಕ, ಅಲಗ್ಯಾಡಬ್ಯಾಡ ಅಂತ ಹೇಳವಗ."

"ನನ್ನ ತಲಿ ಮ್ಯಾಲಿನಾಂವ ಭಾಳ ಬರದಾನ, ಹೆಣಭಾರ ಅದಾನ" ಎಂದಳು ಗಂಗಾಬಾಯಿ ಏದುಸಿರು ಬಿಡುತ್ತಾ. "ಇಷ್ಟ ಕುಂತು ಬರದಾನಂದ್ರ, ಮನ್ಯಾಗ ನೀರು ತಂದು ರೊಟ್ಟಿ ಬಡ್ಯಾಕ ಯಾವಾಕಿನೋ ಒಬ್ಬಾಕಿ ಇದ್ದಿರಬೇಕ ನೋಡು. ಆಕಿ ಹೆಸರು ಇದರಾಗ ಅದನೋ ಇಲ್ಲೋ."

ಮೂವರೂ ಹಳ್ಳದ ನಡುವೆ ನಿಂತು ಬಿದ್ದು ಬಿದ್ದು ನಗುವುದೊಂದು ಬಾಕಿ. ಬಿದ್ದರೆ ಪುಸ್ತಕ ಒದ್ದೆಯಾಗುತ್ತದೆಂದು ನಿಂತೇ ನಕ್ಕರು.

ಊರ ಹೆಬ್ಬಾಗಿಲು ಅಗಸಿಯಲ್ಲಿ ಅಂದು ಬೇರೆಯೇ ಸಂಭ್ರಮ. ಮಠದ ಪಲ್ಲಕ್ಕಿ ಹೊರಗೆ ಬಂದಿತ್ತು. ಆ ಪಲ್ಲಕ್ಕಿಯ ಕಥೆ ಸ್ವಲ್ಪ ಹೇಳಬೇಕು. ಪ್ರತಿ ಶ್ರಾವಣದಲ್ಲಿ ಅದರೊಳಗೆ ಶರಣರ ಮಾತು ಬರೆದ ಹಳೆಯ ಓಲೆಗರಿಯ ಕಟ್ಟೊಂದನ್ನು ಕೂರಿಸಿ ಊರು ಸುತ್ತಿಸುತ್ತಿದ್ದರು. ಕೆಂಪು ವಸ್ತ್ರ, ವಿಭೂತಿ, ಹೂವು. ಮುದುಕರ ನೆನಪಿನಲ್ಲೂ ಆ ಕಟ್ಟನ್ನು ಬಿಚ್ಚಿದವರಿಲ್ಲ. ಮೇಲು ಕೀಳು ಇಲ್ಲವೆಂದು ಸಾರಿದವರ ಮಾತು ಒಳಗಿತ್ತು, ಅದನ್ನು ಕೇರಿಯ ಹೊರಗಿನಿಂದಲೇ ಹಾಯಿಸಿಕೊಂಡು ಹೋಗುತ್ತಿದ್ದರು. ಪುಸ್ತಕವೆಂದರೆ ಹುಣಸಲಗಾದಲ್ಲಿ ಕೈಮುಗಿಯುವ ಸಾಮಾನು. ಹಾಗಾಗಿ ಸಮಗ್ರ ಸಂಪುಟಗಳು ಬರುತ್ತವೆಂದು ತಿಳಿದ ಕೂಡಲೇ ಶಾಂತಲಿಂಗಪ್ಪ ಪಲ್ಲಕ್ಕಿ ತೊಳೆಸಿದ. ಮೆರವಣಿಗೆ ಮಾಡಿ, ಮಠದ ಗರ್ಭಗುಡಿಯ ಬದಿಯ ಕೋಣೆಯಲ್ಲಿ ಕೆಂಪು ಬಟ್ಟೆ ಸುತ್ತಿಟ್ಟು, ಸೋಮವಾರಕ್ಕೊಮ್ಮೆ ಪೂಜೆ ಎಂದು ಠರಾವು ಮಾಡಿದ. ಅದೇ ವಾಚನಾಲಯ.

ಹಲಗೆ ಬಾರಿಸುವವರು ಕೇರಿಯವರೇ. ಬಾಳಮ್ಮನ ಗಂಡ ಚಂದಪ್ಪ ಮುಂದೆ ನಿಂತು ಬಾರಿಸುತ್ತಿದ್ದ. ಶಾಂತಲಿಂಗಪ್ಪನ ಹೆಂಡತಿ ಸುಭದ್ರಾಬಾಯಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅಗಸಿಯ ಕಟ್ಟೆ ಹೊರೆ ಹೊತ್ತವರು ಹೊರೆ ಇಳಿಸುವ ಜಾಗ. ಇವತ್ತು ಅದನ್ನು ಸಾರಿಸಿ ರಂಗೋಲಿ ಹಾಕಿ, ಮೇಲೆ ಪಲ್ಲಕ್ಕಿ ಇಟ್ಟಿದ್ದರು.

ಮೂವರು ಹೆಂಗಸರು ಕೆಸರು ಮೆತ್ತಿಕೊಂಡು ಕಟ್ಟೆಯ ಹತ್ತಿರ ಬಂದರು.

"ಅಲ್ಲೇ! ಅಲ್ಲೇ ನಿಂದ್ರಿ!" ಶಾಂತಲಿಂಗಪ್ಪ ಕೂಗಿದ. "ಕಟ್ಟಿ ಮುಟ್ಟಬ್ಯಾಡ್ರಿ. ಕೆಳಗ ಇಳಸ್ರಿ. ನೀರು ಚಿಮಕಿಸಿ ನಾವು ತಗೋತೇವಿ." ಗುರಣ್ಣ ಆಗಲೇ ತಾಮ್ರದ ತಂಬಿಗೆ ಹಿಡಿದು ತಯಾರಾಗಿದ್ದ.

ಬಾಳಮ್ಮ ಕೆಳಗೆ ನೋಡಿದಳು. ಕಾಲ ಬುಡದಲ್ಲಿ ಕೆಸರಿನ ಮಡು. "ಇಲ್ಲಿ ಇಳಸಿದ್ರ ಪುಸ್ತಕ ಹಸೀ ಆಕ್ಕಾವ್ರಿ. ಮತ್ತ, ಇಷ್ಟ ಭಾರ ಒಬ್ಬರಾ ಹ್ಯಾಂಗ ಇಳಸೂದು? ಯಾರರ ಒಬ್ರು ಕೈ ಹಚ್ಚ್ರಿ."

ಯಾರೂ ಅಲುಗಾಡಲಿಲ್ಲ. ಹೊರೆ ಇನ್ನೊಬ್ಬರ ಕೈ ಇಲ್ಲದೆ ತಲೆಗೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಇದು ಹೊಲದಲ್ಲಿ ದುಡಿದ ಪ್ರತಿಯೊಬ್ಬರಿಗೂ ಗೊತ್ತು. ಆದರೆ ಪೆಟ್ಟಿಗೆ ಅವಳ ತಲೆಯ ಮೇಲಿರುವ ತನಕ ಪೆಟ್ಟಿಗೆ ಮುಟ್ಟಿದರೆ ಅವಳನ್ನೇ ಮುಟ್ಟಿದ ಹಾಗೆ. ಅಗಸಿಯಲ್ಲಿ ನಿಂತ ಇಷ್ಟು ಮಂದಿ ಗಂಡಸರು ತಮ್ಮ ತಮ್ಮ ಕೈ ನೋಡಿಕೊಂಡರು. ನೋಡಿ, ಹೆಗಲ ಮೇಲಿನ ವಲ್ಲಿಯೊಳಗೆ ಮುಚ್ಚಿಟ್ಟುಕೊಂಡರು.

ಚಂದಪ್ಪ ಹಲಗೆ ಕೆಳಗಿಟ್ಟು ಮುಂದೆ ಬಂದ. "ಏ ಚಂದ್ಯಾ, ಕಟ್ಟಿ ಹತ್ರ ಬರಬ್ಯಾಡಲೇ. ನೀ ಬಾರಸು" ಎಂದ ಶಾಂತಲಿಂಗಪ್ಪ.

"ನೀ ಅಲ್ಲೇ ನಿಂದ್ರು" ಎಂದು ಬಾಳಮ್ಮನೂ ಗಂಡನಿಗೆ ಅಂದಳು. "ಹೊರಿಸಿದವ್ರು ಇಳಸ್ಲಿ." ಆಮೇಲೆ ಸಾಹುಕಾರನ ಕಡೆ ತಿರುಗಿದಳು. ಕುತ್ತಿಗೆ ತಿರುಗಿಸಲು ಬರುವಂತಿರಲಿಲ್ಲ, ಮೈಯನ್ನೇ ತಿರುಗಿಸಿದಳು. "ಇವನ್ನ ಎಲ್ಲಿ ಇಡ್ತೀರಿ?"

"ಮಠದಾಗ."

"ಮಠದಾಗ ನಮ್ಮನ್ನ ಬಿಡೂದಿಲ್ಲ. ನಾವು ಓದೂದೆಲ್ಲಿ?"

"ಓದೂದಾ?" ಶಾಂತಲಿಂಗಪ್ಪ ಜೋರಾಗಿ ನಕ್ಕ. ಅವನು ನಕ್ಕನೆಂದು ಉಳಿದವರೂ ನಕ್ಕರು. "ಹುಚ್ಚಿ, ಇವೇನು ಓದೂ ಪುಸ್ತಕೇನು? ಎಂಥೆಂಥಾ ಮಹಾತ್ಮರು ಬರದದ್ದು! ಪೂಜಾ ಮಾಡಬೇಕು. ನಿಮಗ ಓದೂ ಹುರುಪು ಭಾಳ ಅದ ಅಂದ್ರ, ಒಂದೆರಡು ತೆಳ್ಳನ ಪುಸ್ತಕ ಗುರಣ್ಣನ ಕಡಿ ಕಳಸ್ತೇನಿ ತಗೋರಿ. ನಮ್ಮ ಹುಡುಗ್ರು ಓದಿ ಬಿಟ್ಟದ್ದು ಅದಾವ."

ಓದಿ ಬಿಟ್ಟದ್ದು! ಬಾಳಮ್ಮನ ಮೈ ಉರಿಯಿತು. ಉಟ್ಟು ಬಿಟ್ಟದ್ದು, ಉಂಡು ಬಿಟ್ಟದ್ದು, ಈಗ ಓದಿ ಬಿಟ್ಟದ್ದು. ಬಹುಮಾನ ಗೆದ್ದವರು ಅವರು. ಕೆಸರು ತುಳಿದು ಹೊತ್ತು ತಂದವರು ಅವರು. ಕಡೆಗೆ ಅವರ ಪಾಲಿಗೆ ಮತ್ತೆ ಚೂರುಪಾರು.

"ಗಡಾನ ಜಗಳ ಮುಗಸ್ರಿ, ನನ್ನ ಕುತ್ತಿಗಿ ಒಳಗ ಹೊಂಟದ" ಎಂದಳು ಗಂಗಾಬಾಯಿ.

"ಸಾವ್ಕಾರ್ರೆ, ಕಡೀ ಸಲ ಕೇಳಾಕತ್ತೇನಿ" ಎಂದಳು ಬಾಳಮ್ಮ. "ನೀವಾ ಬಂದು ಕೈ ಹಚ್ಚಿ ಇಳಿಸಿಕೋತೀರೋ ಇಲ್ಲೋ?"

"ಇಳಸ ಬೇ ಕೆಳಗ! ನಿನ್ನ ಸೊಕ್ಕ..."

"ಇಳಸೂದಿಲ್ಲ."

ಅಷ್ಟೇ ಮಾತು. ಬಾಳಮ್ಮ ತಿರುಗಿದಳು. ಅವಳ ಹಿಂದೆ ಹಣಮವ್ವ ತಿರುಗಿದಳು. ಗಂಗಾಬಾಯಿ ತಿರುಗುವ ಮೊದಲು ಗುರಣ್ಣನ ತಂಬಿಗೆ ನೋಡಿ, "ಆ ನೀರು ಸುಮ್ಮ ಚೆಲ್ಲಬ್ಯಾಡಪಾ, ಕಾಲು ತೊಳಕೋ" ಎಂದು ಹೇಳಿ ತಿರುಗಿದಳು. ಮೂರೂ ಪೆಟ್ಟಿಗೆ ಊರ ಗೋಡೆಯ ಬದಿ ಹಿಡಿದು ಕೇರಿಯ ಕಡೆ ನಡೆದವು.

ಚಂದಪ್ಪ ಒಂದು ಗಳಿಗೆ ನಿಂತ. ಸಾಹುಕಾರನನ್ನು ನೋಡಿದ, ಹೆಂಡತಿಯ ಬೆನ್ನು ನೋಡಿದ. ಆಮೇಲೆ ಹಲಗೆ ಎತ್ತಿಕೊಂಡು ಬಾರಿಸುತ್ತಾ ಪೆಟ್ಟಿಗೆಗಳ ಹಿಂದೆ ಹೊರಟ. ಉಳಿದ ಹಲಗೆಯವರೂ ಹೊರಟರು. ಅಯ್ಯೋ, ಅಂಥಾ ಬಾರಿಸಾಟವನ್ನು ಹುಣಸಲಗಾ ಹಿಂದೆ ಕೇಳಿರಲಿಲ್ಲ! ಮಂದಿ ಮನೆಯ ಮಾಳಿಗೆ ಹತ್ತಿ ನೋಡಿದರು. ಅಗಸಿಯಲ್ಲಿ ಖಾಲಿ ಪಲ್ಲಕ್ಕಿ ಉಳಿಯಿತು. ಆರತಿ ತಟ್ಟೆ ಹಿಡಿದ ಸುಭದ್ರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆಂದು ಶಾಂತಲಿಂಗಪ್ಪ ತಿಳಿದ. ಅವಳು ನಗು ತಡೆಯುತ್ತಿದ್ದಳು.

ಕೇರಿಯಲ್ಲಿ ಹೊರೆ ಇಳಿಸಲು ಕೈಗಳಿಗೆ ಬರವೇ? ನಾ ಮುಂದೆ ತಾ ಮುಂದೆ ಎಂದು ಬಂದರು. ಪೆಟ್ಟಿಗೆ ಇಳಿದ ಮೇಲೂ ಮೂವರ ಕುತ್ತಿಗೆ ಎಷ್ಟೋ ಹೊತ್ತು ನೆಟ್ಟಗಾಗಲಿಲ್ಲ. ಪುಸ್ತಕ ಇಡಲು ಕೇರಿಯ ಸಮಾಜ ಮಂದಿರ ಗುಡಿಸಿದರು. ಹೆಸರಿಗೆ ಮಂದಿರ, ಒಂದೇ ಕೋಣೆ. ಕಿಟಕಿಗೆ ಬಾಗಿಲು ಬರಲಿಲ್ಲವೆಂದು ಇಟ್ಟಂಗಿ ಕಟ್ಟಿ ಮುಚ್ಚಿದ್ದರು, ಬೆಳಕು ಬಾಗಿಲಿನಿಂದ ಬಂದಷ್ಟೇ. ಕುರ್ಪಿಯಿಂದಲೇ ಪೆಟ್ಟಿಗೆಯ ಹಲಗೆ ಕಿತ್ತರು. ಕೈ ತೊಳೆದು ಸೀರೆಗೆ ಒರೆಸಿಕೊಂಡು ಒಂದೊಂದೇ ಸಂಪುಟ ಹೊರಗೆ ತೆಗೆದರು. ಬಾಳಮ್ಮ ಒಂದನ್ನು ತೊಡೆಯ ಮೇಲಿಟ್ಟುಕೊಂಡು ಮೊದಲು ಕೊನೆಯ ಪುಟ ತೆರೆದಳು. ಅದು ಅಲ್ಲಿತ್ತು. ಹರಿದಿರಲಿಲ್ಲ. ಮಾತು ಮುಗಿದು, ಕೆಳಗೆ ಚುಕ್ಕಿ ಇಟ್ಟು, ಮುಂದೆ ಬಿಳಿ ಜಾಗ ಬಿಟ್ಟಿತ್ತು. ಅವಳ ಕಣ್ಣಲ್ಲಿ ನೀರು ಬಂತು.

"ಯಾಕ ಬೇ, ಕಥಿ ದುಃಖದ್ದೇನು?" ಎಂದಳು ಹಣಮವ್ವ.

"ಇಲ್ಲ ಬೇ. ಮುಗದದ. ಪೂರಾ ಮುಗದದ!"

ದೀಪ ಹಚ್ಚುವ ಹೊತ್ತಿಗೆ ಗುರಣ್ಣ ಬಂದು ಕೇರಿಯ ಹೊರಗಿನ ಬೇವಿನ ಮರದ ಕೆಳಗೆ ನಿಂತು ಕೂಗಿ ಹೇಳಿದ. "ನಾಳಿ ಜಿಲ್ಲಾದಿಂದ ಸಾಹೇಬ್ರು ಬರಾಕತ್ತಾರ. ಅಷ್ಟರಾಗ ಪೆಟ್ಟಿಗಿ ಅಗಸ್ಯಾಗ ಇರಬೇಕು. ಇಲ್ಲಂದ್ರ ನಮ್ಮ ಹೊಲದಾಗ ಕಾಲು ಇಡಬ್ಯಾಡ್ರಿ!"

ಕೇರಿಯ ಗಂಡಸರ ಮುಖ ಬಾಡಿತು. ಹೊಟ್ಟೆಯ ಮಾತು, ಹೆದರಿಕೆ ಬಾರದೇ ಇರುತ್ತದೆಯೇ? ಬಾಳಮ್ಮನಿಗೂ ಬಂತು. ಆದರೆ ಬಾಯಿ ಬಿಟ್ಟು ಹೇಳಿದ್ದು ಬೇರೆ. "ಇಡೂದಿಲ್ಲ ಅಂತ ಹೇಳು ಗುರಣ್ಣ. ಹೊಲದಾಗ ಕಸ ಬೆಳಿಕಿಂತ ಎತ್ತರ ಆಗ್ಯದ. ನೀ ಛತ್ರಿ ಹಿಡಿ, ಸಾವ್ಕಾರ್ರು ಕಸ ತಗೀಲಿ."

ಕೇರಿಗೆ ಕೇರಿಯೇ ನಕ್ಕಿತು. ಗುರಣ್ಣ ಬೇವಿನ ಮರವನ್ನು ಎರಡು ಸಲ ಕೆಕ್ಕರಿಸಿ ನೋಡಿ ಹೋದ.

ಮರುದಿನ ಸಾಹೇಬ ಬಂದ. ಅವನ ಜೀಪನ್ನೂ ಎರೆಮಣ್ಣು ಬಿಡಲಿಲ್ಲ. ಪ್ಯಾಂಟು ಮಡಚಿ, ಬೂಟು ಕೈಯಲ್ಲಿ ಹಿಡಿದು, ಸಲಾವುದ್ದೀನ ಮಾಸ್ತರನ ಜೊತೆ ಹಳ್ಳ ದಾಟಿ ನಡೆದೇ ಬಂದ. ಪುಸ್ತಕ ಎಲ್ಲಿ ಎಂದು ಅಗಸಿಯಲ್ಲಿ ಕೇಳಿದ. ಶಾಂತಲಿಂಗಪ್ಪ ಪೇಟದ ತುದಿ ಸರಿಮಾಡಿಕೊಂಡ. ಕಡೆಗೆ ಎಲ್ಲರೂ ಕೇರಿಗೆ ಬಂದರು. ಸಾಹೇಬ, ಮಾಸ್ತರ, ಪ್ರಧಾನ, ಗುರಣ್ಣ. ಹೂ ಹಾಕಿ ಆರತಿ ಬೆಳಗಬೇಕೆಂದು ಮೊದಲೇ ಠರಾವಾಗಿತ್ತಲ್ಲ, ಅದಕ್ಕೆ ಸುಭದ್ರಾಬಾಯಿಯೂ ತಟ್ಟೆ ಹಿಡಿದು ಹಿಂದೆ ಬಂದಳು. ಹುಣಸಲಗಾದ ಸಾಹುಕಾರನೊಬ್ಬ ತನ್ನ ಕಾಲಿಂದ ಕೇರಿಗೆ ಬಂದದ್ದು ಅದೇ ಮೊದಲು. ಕೇರಿಯ ನಾಯಿಗಳು ಗುರುತು ಸಿಗದೆ ಬೊಗಳಿದವು.

ಸಾಹೇಬ ಕೆಟ್ಟವನಲ್ಲ. ಆದರೆ ಅವಸರದ ಮನುಷ್ಯ. ಇಬ್ಬರ ಮಾತನ್ನೂ ಕೇಳಿ, ವಾಚು ನೋಡಿ, ತೀರ್ಪು ಕೊಟ್ಟ.

"ನೋಡ್ರಿ ಬಾಳಮ್ಮನವರೆ, ಜಗಳ ಬ್ಯಾಡ. ಅರ್ಧ ಪುಸ್ತಕ ಮಠದಾಗ ಇರ್ಲಿ, ಅರ್ಧ ಇಲ್ಲಿರ್ಲಿ. ಇಬ್ಬರಿಗೂ ಸಮ ಆಯ್ತು."

ಶಾಂತಲಿಂಗಪ್ಪ ಗಕ್ಕನೆ ಒಪ್ಪಿದ. ಚಂದಪ್ಪ ಹೆಂಡತಿಯ ಹತ್ತಿರ ಬಂದು ಪಿಸುಗುಟ್ಟಿದ. "ಹೂಂ ಅನ್ನ ಬೇ. ಅರ್ಧಾ ಸಿಕ್ಕದ್ದಾ ದೊಡ್ಡದು. ನಾಳಿಂದ ಹೊಲದ ಕೆಲಸನೂ ಉಳಿತದ."

ಕೇರಿಯೆಲ್ಲ ಬಾಳಮ್ಮನ ಬಾಯಿ ನೋಡುತ್ತಿತ್ತು. ಒಂದು ಮಾತು ಹೂಂ ಅಂದರೆ ಮುಗಿಯಿತು. ಅವಳಿಗೆ ಬೆಲ್ಲದ ಕಾಗದದ ಆ ಹುಡುಗಿ ನೆನಪಾದಳು. ಮನೆ ಬಿಟ್ಟು ಹೊರಟವಳು, ಎಲ್ಲಿಯೂ ಮುಟ್ಟದವಳು.

"ಸಾಹೇಬ್ರೆ, ನೀವು ಕೊಟ್ಟದ್ದು ಸಮಗ್ರ" ಎಂದಳು. "ಅರ್ಧ ಮಾಡಿದ್ರ ಅದು ಸಮಗ್ರ ಹ್ಯಾಂಗ ಆಕ್ಕದ್ರಿ? ನಾವು ಹುಟ್ಟಿದಾಗಿಂದ ಅರ್ಧಾದಾಗ ಅದೀವಿ. ಅರ್ಧ ಹೊಟ್ಟಿ, ಅರ್ಧ ಹೆಸರು. ಈ ಅರ್ಧ ನನಗ ಬ್ಯಾಡ. ಎಲ್ಲಾನೂ ಮಠಕ್ಕ ಒಯ್ಯಿರಿ, ನಾನಾ ಹೊತ್ತು ತರ್ತೇನಿ. ಆದ್ರ ನಾವೂ ಒಳಗ ಬಂದು, ನಿಮ್ಮ ಮಗ್ಗಲ ಕುಂತು ಓದ್ತೇವಿ. ಅದು ಆಗೂದಿಲ್ಲ ಅಂದ್ರ ಎಲ್ಲಾ ಇಲ್ಲೇ ಇರ್ಲಿ, ನೀವಾ ಬರ್ರಿ. ನಾವು ಯಾರನ್ನೂ ಹೊರಗ ನಿಂದ್ರಸೂದಿಲ್ಲ. ಎರಡರಾಗ ಒಂದು. ಯಾವ್ದು ಹೇಳ್ರಿ ಸಾವ್ಕಾರ್ರೆ."

ಶಾಂತಲಿಂಗಪ್ಪ ಬಾಯಿ ತೆರೆದ. ಸಾಹೇಬನ ಮುಂದೆ ಮಠದೊಳಗೆ ಬಿಡುವುದಿಲ್ಲ ಅಂದರೆ ಕಾನೂನು ಮೈಮೇಲೆ ಬರುತ್ತದೆ. ಬಿಡುತ್ತೇವೆ ಅಂದರೆ ಊರು ಮೈಮೇಲೆ ಬರುತ್ತದೆ. ಮತ್ತೆ ಪೇಟದ ತುದಿಗೆ ಕೈ ಹಾಕಿದ. ಸಲಾವುದ್ದೀನ ಮಾಸ್ತರ ನಗು ಬಚ್ಚಿಡಲು ಬಗ್ಗಿ ಕಾಲಿಗೆ ಮೆತ್ತಿದ ಕೆಸರು ಕೆರೆಯತೊಡಗಿದ.

ಸಾಹೇಬ ಬಾಳಮ್ಮನನ್ನು ನೋಡಿದ. ಈ ಸಲ ವಾಚು ನೋಡಲಿಲ್ಲ. "ಇಲ್ಲೇ ಇರ್ಲಿ" ಎಂದ. "ಇಡೀ ಊರಿನ ವಾಚನಾಲಯ ಇದಾ. ಬರೂವ್ರು ಬರ್ಲಿ." ಹೇಳಿ, ತಲೆ ಬಗ್ಗಿಸಿ ಒಳಗೆ ಹೋಗಿ ಚಾಪೆಯ ಮೇಲೆ ಕೂತ.

ಚಂದಪ್ಪನ ಕೈ ತಾನಾಗಿ ಹಲಗೆಗೆ ಹೋಯಿತು. ಆ ಗದ್ದಲದಲ್ಲಿ ಸುಭದ್ರಾಬಾಯಿ ಏನು ಮಾಡಿದಳೆಂದು ಯಾರೂ ನೋಡಲಿಲ್ಲ. ಆರತಿ ತಟ್ಟೆಯನ್ನು ಗಂಡನ ಕೈಗೆ ಕೊಟ್ಟಳು. ಕೊಟ್ಟು ಸೀದಾ ಒಳಗೆ ನಡೆದಳು.

"ಎಲ್ಲಿಗಿ ಹೊಂಟಿ?" ಎಂದ ಶಾಂತಲಿಂಗಪ್ಪ.

"ನಮ್ಮ ಶರಣರ ಓಲಿಗರಿ ಕಟ್ಟಿಗಿ ನಲವತ್ತು ವರ್ಷ ಆರತಿ ಬೆಳಗೇನಿ. ಒಳಗೇನದ ಯಾರೂ ನನಗ ಹೇಳಲಿಲ್ಲ. ಇವನ್ನರ ಈ ಹೆಣ್ಮಗಳು ಓದಿ ಹೇಳ್ತಾಳಂತ, ಕೇಳ್ತೇನಿ" ಎಂದು ಬಾಳಮ್ಮನ ಮಗ್ಗುಲಲ್ಲಿ, ಮೊಣಕಾಲಿಗೆ ಮೊಣಕಾಲು ತಾಗುವಂತೆ, ಕೂತಳು. ಕೂತು ಮೆಲ್ಲಗೆ ಅಂದಳು, "ನನಗ ಓದಾಕ ಬರೂದಿಲ್ಲ ಬಾಳಮ್ಮ. ನನ್ನ ಪೇಪರು ಗುರಣ್ಣ ಬರದಾನ."

"ಕೇಳೂದೊಂದಾ ಅಲ್ರಿ ಅವ್ವಾ, ಕಲಸ್ತೇವಿ. ಬಳಪ ಹಿಡಿಯೂದು ಕುರ್ಪಿ ಹಿಡಿಯೂದಕಿಂತ ಹಗುರ" ಎಂದಳು ಗಂಗಾಬಾಯಿ.

ಕೋಣೆ ತುಂಬಿತು. ಹೆಂಗಸರು ಒಬ್ಬರನ್ನೊಬ್ಬರು ಒತ್ತಿ ಕೂತರು. ಬಾಳಮ್ಮ ಮೊದಲನೆಯ ಸಂಪುಟ ತೊಡೆಯ ಮೇಲೆ ಇಟ್ಟುಕೊಂಡು ಮೊದಲನೆಯ ಪುಟ ತೆರೆದಳು. ಅಕ್ಷರ ಕಾಣಲಿಲ್ಲ. ಕಣ್ಣುಜ್ಜಿಕೊಂಡಳು. ಆಗಲೂ ಕಾಣಲಿಲ್ಲ. ತಲೆಯೆತ್ತಿ ನೋಡಿದರೆ ಬಾಗಿಲಲ್ಲಿ ಶಾಂತಲಿಂಗಪ್ಪ ನಿಂತಿದ್ದ. ಪೇಟ ಸುತ್ತಿದ ತಲೆ, ಕೈಯಲ್ಲಿ ಆರತಿ ತಟ್ಟೆ, ಬಾಗಿಲ ತುಂಬ ಮೈ. ಒಳಗೆ ಬರುವ ಮನಸ್ಸಿಲ್ಲ, ಬಿಟ್ಟು ಹೋಗುವ ಧೈರ್ಯವೂ ಇಲ್ಲ. ಕಾಲನ್ನು ಹೊಸ್ತಿಲ ಆಚೆಗೇ ಇಟ್ಟಿದ್ದ.

"ಸಾವ್ಕಾರ್ರೆ" ಎಂದಳು ಬಾಳಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯೂ ಇರಲಿಲ್ಲ. "ಬೆಳಕಿಗಿ ಅಡ್ಡ ನಿಂತೀರಿ. ಒಳಗರ ಬರ್ರಿ, ಹೊರಗರ ಸರೀರಿ. ನಾವು ಓದಬೇಕಾಗ್ಯದ."

ಶಾಂತಲಿಂಗಪ್ಪ ಹೆಂಡತಿಯ ಕಡೆ ನೋಡಿದ. ಅವಳು ಪುಸ್ತಕ ನೋಡುತ್ತಿದ್ದಳು.

ಅವನು ಸರಿದ.

ಬಾಳಮ್ಮ ಮೊದಲನೆಯ ಸಾಲಿನ ಮೇಲೆ ಬೆರಳಿಟ್ಟಳು.